ಹುಳದ ಮೇಷ್ಟ್ರು ತೊಳೆದ ಬೇಲಿ

ಉದ್ಯಾನ ಇಲಾಖೆಯ ಕಚೇರಿಯಲ್ಲಿ ಅವರ ಮೇಜಿನ ಮೇಲಿದ್ದ ಫಲಕ ‘ಕೀಟತಜ್ಞರು’ ಎನ್ನುತ್ತಿತ್ತು. ಊರಿನವರು ಅಷ್ಟೆಲ್ಲ ನಾಲಿಗೆ ತಿರುಗಿಸಲು ಹೋಗದೆ ಹುಳದ ಮೇಷ್ಟ್ರು ಎಂದುಬಿಟ್ಟಿದ್ದರು. ಪಾರ್ಕಿನಲ್ಲೋ ಶಾಲೆಯಲ್ಲೋ ಬಡಾವಣೆಯ ಸಂಘದಲ್ಲೋ, ಎಲ್ಲಿ ನಾಲ್ಕು ಹೂಕುಂಡ ಕಂಡರೂ ಅಲ್ಲಿ ನಿಂತು ಭಾಷಣ ಮಾಡುವುದು ಅವರ ಕೆಲಸ. ಭಾಷಣದ ಸಾರ ಯಾವಾಗಲೂ ಒಂದೇ. ಹುಳ ಕಂಡ ಕೂಡಲೇ ಔಷಧಿ ಪಂಪು ಹೆಗಲಿಗೇರಿಸಬೇಡಿ. ಮೊದಲು ನೋಡಿ, ಯಾವ ಹುಳ ಎಂದು ಗುರುತಿಸಿ, ಎಷ್ಟಿದೆ ಎಂದು ಅಂದಾಜು ಮಾಡಿ. ಕತ್ತರಿ, ನೀರು, ಸೋಪು, ಹುಳ ತಿನ್ನುವ ಹುಳ, ಇವೆಲ್ಲ ಸೋತ ಮೇಲೆ ವಿಷದ ಮಾತು. ಇದಕ್ಕೆ ಸಮಗ್ರ ಕೀಟ ನಿರ್ವಹಣೆ ಎಂದು ಹೆಸರು. ಕೇಳುವವರು ಆಕಳಿಸುತ್ತಿದ್ದರು. ರಾತ್ರಿ ಸರಿಯಾಗಿ ನಿದ್ದೆಯಾಗಿಲ್ಲ ಪಾಪ, ಎಂದು ಮೇಷ್ಟ್ರು ಮರುಗುತ್ತಿದ್ದರೇ ಹೊರತು ತಮ್ಮ ಭಾಷಣದ ಮೇಲೆ ಎಂದೂ ಅನುಮಾನಪಟ್ಟವರಲ್ಲ.

ಅವರ ಹೆಂಡತಿ ಕನ್ನಡಕದಂಗಡಿ ನಡೆಸುತ್ತಿದ್ದಳು. ಆ ಬೀದಿಯ ಅರ್ಧ ಮೂಗುಗಳ ಮೇಲೆ ಅವಳು ಕೂರಿಸಿದ ಗಾಜೇ ಇತ್ತು. ಗಂಡನ ಮೂಗು ಮಾತ್ರ ಖಾಲಿ. ಹತ್ತಿರದ ವಸ್ತುಗಳು ಅವರಿಗೆ ಮಸುಕಾಗತೊಡಗಿ ಬಹಳ ಕಾಲವಾಗಿತ್ತು. ಅವಳು ಪರೀಕ್ಷೆ ಮಾಡಿ, ಮುಖಕ್ಕೊಪ್ಪುವ ಚೌಕಟ್ಟು ಆರಿಸಿ ಮಾಡಿಸಿಕೊಟ್ಟ ಕನ್ನಡಕ ಬೀರುವಿನಲ್ಲಿ ಕಾಲುಚೀಲಗಳ ನಡುವೆ ಸುಖವಾಗಿ ಮಲಗಿತ್ತು.

“ಹುಳನ ಗುರುತಿಸೋಕೆ ಕಣ್ಣು ಬೇಡ ಕಣೆ, ಅನುಭವ ಸಾಕು. ಅದು ನಡೆಯೋ ಧಾಟಿ ನೋಡಿದ್ರೇ ನಂಗೆ ಗೊತ್ತಾಗುತ್ತೆ,” ಎನ್ನುತ್ತಿದ್ದರು ಮೇಷ್ಟ್ರು.

“ಹೌದೌದು. ಮೊನ್ನೆ ಶೇವಿಂಗ್ ಕ್ರೀಮಲ್ಲಿ ಹಲ್ಲುಜ್ಜಿದ್ದೂ ಅನುಭವದಿಂದಲೇ ಅಲ್ವಾ?”

“ನೊರೆ ಚೆನ್ನಾಗಿ ಬಂತು,” ಎಂದು ಮೇಷ್ಟ್ರು ಮಾತು ಮುಗಿಸಿದ್ದರು.

ಅವರಿದ್ದದ್ದು ಹಳೆಯದೊಂದು ಅಪಾರ್ಟ್‌ಮೆಂಟಿನ ಮೇಲಿನ ಅಂತಸ್ತಿನಲ್ಲಿ. ನೆಲದಂತಸ್ತಿನಲ್ಲಿ ಅವರ ಅಣ್ಣ, ಅತ್ತಿಗೆ. ಅಣ್ಣ ಜೀವಮಾನವೆಲ್ಲ ಕೋಟು ಹೊಲಿದ ದರ್ಜಿ. ಬಟ್ಟೆಯ ಧೂಳು ಕುಡಿದು ಕುಡಿದು ಅವನ ಎದೆ ಈಗ ಹಳೇ ಹೊಲಿಗೆ ಯಂತ್ರದ ಹಾಗೆ ಕಿರುಗುಟ್ಟುತ್ತಿತ್ತು. ಅತ್ತಿಗೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದು ನಿವೃತ್ತರಾದವರು, ಈಗ ಅಪಾರ್ಟ್‌ಮೆಂಟ್ ಸಂಘದ ಅಧ್ಯಕ್ಷೆ. ಊರಿಗೂರನ್ನೇ ‘ಲೈನಲ್ಲಿರಿ’ ಎಂದು ಕಾಯಿಸಿದ ದನಿ ಅವರದು. ಅವರು ಮೆಟ್ಟಿಲ ಬುಡದಲ್ಲಿ ನಿಂತು ಕರೆದರೆ ಮೇಲಿನ ಅಂತಸ್ತಿನವರೂ ಚಪ್ಪಲಿ ಹುಡುಕುತ್ತಿದ್ದರು.

ಅಂಗಳದ ಸುತ್ತ ದಾಸವಾಳದ ಬೇಲಿ ಇತ್ತು. ಅದಕ್ಕೆ ಆ ಬೇಸಗೆಯಲ್ಲಿ ಹಿಟ್ಟು ತಿಗಣೆ ಅಮರಿಕೊಂಡಿತು. ಯಾರೋ ಗೋದಿಹಿಟ್ಟು ಚೆಲ್ಲಿದ ಹಾಗೆ ಕುಡಿಗಳೆಲ್ಲ ಬೆಳ್ಳಗಾಗಿ, ಎಲೆ ಮುರುಟಿ, ಮೊಗ್ಗು ಅರಳುವ ಮೊದಲೇ ಉದುರಿತು. ಆ ತಿಗಣೆ ಗಿಡದ ರಸ ಹೀರಿ ಹಿಂದಿನಿಂದ ಸಿಹಿ ಅಂಟು ಸುರಿಸುತ್ತದೆ. ಅಂಟಿನಾಸೆಗೆ ಇರುವೆಗಳು ಸಾಲುಗಟ್ಟಿ ಬಂದು, ತಿಗಣೆಗೆ ಕಾವಲು ಕಾದು, ಬಿಡುವಾದಾಗ ಕೆಳಗಿನ ಮನೆಗಳ ಅಡುಗೆಮನೆಗೂ ಭೇಟಿ ಕೊಟ್ಟವು. ಬೇಲಿಯ ಪಕ್ಕ ಕಾರು ನಿಲ್ಲಿಸುತ್ತಿದ್ದ, ಅದೇ ಅಪಾರ್ಟ್‌ಮೆಂಟಿನ ಟ್ಯಾಕ್ಸಿಯವರೊಬ್ಬರಿಗೆ ದಿನಾ ಬೆಳಗ್ಗೆ ಗಾಜಿನ ಅಂಟು ತಿಕ್ಕುವುದೇ ಒಂದು ಉದ್ಯೋಗವಾಯಿತು.

“ಅಧ್ಯಕ್ಷರೇ, ಒಂದ್ಸಲ ಔಷಧಿ ಹೊಡೆಸಿಬಿಡಿ. ಒಂದು ಬೆಳಗ್ಗೆ ಕೆಲಸ,” ಎಂದರು ಟ್ಯಾಕ್ಸಿಯವರು ಮೆಟ್ಟಿಲ ಬಳಿ ಸೇರಿದ ಸಭೆಯಲ್ಲಿ.

ಅತ್ತಿಗೆ ತಮ್ಮ ಮನೆಯ ಕಿಟಕಿಯ ಕಡೆ ನೋಡಿದರು. ಹಿಂದೊಮ್ಮೆ ಹಾಗೆ ಔಷಧಿ ಹೊಡೆಸಿದ ದಿನ ಕಿಟಕಿಯಿಂದ ಒಳಬಂದ ಘಾಟಿಗೆ ಅಣ್ಣನ ಉಸಿರು ಕಟ್ಟಿ, ಆಂಬುಲೆನ್ಸಿನಲ್ಲಿ ಅವನ ಕೈ ಹಿಡಿದು ಕೂತಿದ್ದವರು ಅವರೇ. ಆದರೆ ಅಧ್ಯಕ್ಷೆಯೆಂದ ಮೇಲೆ ಎಲ್ಲರ ಮಾತೂ ಕೇಳಬೇಕಲ್ಲ.

“ಹೊಡೆಸೋಣ,” ಎಂದರು ಕೊನೆಗೆ. “ಇವರನ್ನ ಸ್ವಲ್ಪ ದಿನ ಮಗಳ ಮನೆಗೆ ಕಳಿಸ್ತೀನಿ.”

“ನಾನೇನು ಬೆಕ್ಕಿನ ಮರೀನಾ,” ಎಂದ ಅಣ್ಣ, “ಆ ಮನೆಯಿಂದ ಈ ಮನೆಗೆ ಕಚ್ಕೊಂಡು ಹೋಗೋಕೆ?”

ಎಲ್ಲರೂ ನಕ್ಕರು. ಅಣ್ಣನ ಮುಖದಲ್ಲಿ ಮಾತ್ರ ನಗುವಿರಲಿಲ್ಲ. ಮಗಳ ಮನೆಯಲ್ಲಿ ಅವನಿಗೆ ಒಂದು ಸೋಫಾದ ತುದಿ ಬಿಟ್ಟರೆ ಬೇರೆ ಜಾಗವಿಲ್ಲ ಎಂಬುದು ಮೇಷ್ಟ್ರಿಗೆ ಗೊತ್ತಿತ್ತು. ಅವರ ಕರುಳು ಚುರುಕ್ಕೆಂದಿತು. ಕರುಳಿನ ಜೊತೆಗೇ ನಾಲಿಗೆಯೂ ಎದ್ದುಬಿಟ್ಟಿತು. ಅದು ಅವರ ಹಳೆಯ ರೋಗ.

“ಒಂದು ತಿಂಗಳು ಕೊಡಿ ಅತ್ತಿಗೆ. ಒಂದು ತೊಟ್ಟು ವಿಷ ಇಲ್ಲದೆ ಈ ಬೇಲೀನ ಸರಿ ಮಾಡಿ ತೋರಿಸ್ತೀನಿ. ಆಗ್ಲಿಲ್ಲ ಅಂದ್ರೆ ಪಂಪನ್ನ ನಾನೇ ಹೊರ್ತೀನಿ.”

“ಹೊರೋ ಮಾತು ಎಲ್ಲರೂ ಕೇಳಿಸ್ಕೊಂಡ್ರಲ್ಲ?” ಎಂದರು ಅತ್ತಿಗೆ. ಎಲ್ಲರೂ ಕೇಳಿಸಿಕೊಂಡಿದ್ದರು.

ಮೇಷ್ಟ್ರು ಪುಸ್ತಕದಲ್ಲಿದ್ದ ಹಾಗೆಯೇ ಶುರುಮಾಡಿದರು. ತೀರಾ ಕೆಟ್ಟ ಕೊಂಬೆಗಳನ್ನು ಕತ್ತರಿಸಿ, ಚೀಲದಲ್ಲಿ ಕಟ್ಟಿ ಸಾಗಿಸಿದರು. ಉಳಿದ ಗಿಡಕ್ಕೆ ಪೈಪಿನಿಂದ ಜೋರಾಗಿ ನೀರು ಹಾಯಿಸಿದರು. ಅದರಲ್ಲಿ ಗಿಡಕ್ಕಿಂತ ಅವರೇ ಹೆಚ್ಚು ನೆನೆದರು. ಬುಡಗಳಿಗೆ ಬಟ್ಟೆಯ ಪಟ್ಟಿ ಸುತ್ತಿ ಗ್ರೀಸು ಬಳಿದರು. ಇರುವೆ ಹತ್ತಲಾಗದಿದ್ದರೆ ತಿಗಣೆಗೆ ಕಾವಲಿಲ್ಲ ಎಂಬುದು ಲೆಕ್ಕ. ಪಟ್ಟಿಗಳನ್ನು ಅಣ್ಣನೇ ಹಳೆಯ ಕೋಟಿನ ಒಳಬಟ್ಟೆಯಿಂದ ಅಳೆದು ಕತ್ತರಿಸಿಕೊಟ್ಟ. “ಗಿಡಕ್ಕೂ ಅಳತೆ ತಗೊಳ್ಳೋ ಕಾಲ ಬಂತು,” ಎಂದು ಅವನಿಗೆ ಒಳಗೊಳಗೇ ಖುಷಿ.

ಕೊನೆಗೆ ಸೈನ್ಯ ಬಂತು. ಇಲಾಖೆಯ ಪ್ರಯೋಗಾಲಯದಲ್ಲಿ ಸಾಕಿದ, ಹಿಟ್ಟು ತಿಗಣೆಯನ್ನೇ ತಿಂದು ಬದುಕುವ ಪುಟ್ಟ ದುಂಬಿಗಳು. ಕಪ್ಪು ಮೈ, ಕಿತ್ತಳೆ ತಲೆ, ಸಾಸಿವೆಗಿಂತ ಸ್ವಲ್ಪ ದಪ್ಪ. ಮೇಷ್ಟ್ರು ಅವನ್ನು ಒಂದು ರಟ್ಟಿನ ಡಬ್ಬಿಯಲ್ಲಿ ತಂದು, ಜನರನ್ನೆಲ್ಲ ಅಂಗಳಕ್ಕೆ ಕರೆದು, ಮುಚ್ಚಳ ತೆರೆಯುವ ಮುನ್ನ ನಾಲ್ಕು ಮಾತಾಡಿದರು. ನಾಲ್ಕು ಮಾತು ನಲವತ್ತಾಗುವ ಹೊತ್ತಿಗೆ ಡಬ್ಬಿ ಹಿಡಿದ ಕೈಯನ್ನೇ ಬೀಸಿ ಮಾತಾಡಿದ್ದರಿಂದ ಮುಚ್ಚಳ ತಾನೇ ಕಳಚಿತು. ದುಂಬಿಗಳು ಭಾಷಣ ಮುಗಿಯುವುದನ್ನು ಕಾಯಲಿಲ್ಲ. ಒಂದಷ್ಟು ಬೇಲಿಗೆ ಹೋದವು, ಒಂದು ಅತ್ತಿಗೆಯ ಕನ್ನಡಕದ ಮೇಲೆ ಕೂತಿತು, ಇನ್ನೊಂದು ಟ್ಯಾಕ್ಸಿಯವರ ಕಿವಿಯ ದಾರಿ ಹಿಡಿಯಿತು. ಚಪ್ಪಾಳೆ ಬೀಳಬೇಕಿದ್ದ ಜಾಗದಲ್ಲಿ ಕಪಾಳಕ್ಕೆ ತಾವೇ ಹೊಡೆದುಕೊಂಡ ಸದ್ದುಗಳು ಕೇಳಿಬಂದವು.

ಆಮೇಲೆ ದುಂಬಿಗಳ ಸುಳಿವೇ ಇಲ್ಲ. ಬೇಲಿ ಬೆಳ್ಳಗೇ ಇತ್ತು. ಟ್ಯಾಕ್ಸಿಯವರು ಎದುರಾದಾಗಲೆಲ್ಲ, “ಮೇಷ್ಟ್ರೇ, ನಿಮ್ಮ ಸೈನ್ಯ ರಜೆ ಮೇಲೆ ಹೋಗಿದೆಯಾ?” ಎನ್ನತೊಡಗಿದರು. “ತಾಳಿದವನು ಬಾಳಿಯಾನು,” ಎಂದು ಮೇಷ್ಟ್ರು ನಗುತ್ತಿದ್ದರು. ಮನೆಗೆ ಹೋಗಿ ಹೆಂಡತಿಯ ಮೇಲೆ ಹಾರಾಡುತ್ತಿದ್ದರು. ಊರವರಿಗೆಲ್ಲ ತಾಳ್ಮೆ ಹಂಚಿ ಹಂಚಿ ಅವರ ಪಾಲಿಗೆ ಏನೂ ಉಳಿದಿರಲಿಲ್ಲ ಎಂದು ಕಾಣುತ್ತದೆ.

ತಿಂಗಳ ಗಡುವಿಗೆ ಸಭೆ ಗೊತ್ತಾಯಿತು. ಅದರ ಹಿಂದಿನ ದಿನ ಸಂಜೆ ಅತ್ತಿಗೆ ಮೆಟ್ಟಿಲಲ್ಲೇ ಅವರನ್ನು ತಡೆದರು.

“ಏನಯ್ಯಾ ಮೈದುನ, ಹುಳ ಸಾಯೋದಿರಲಿ, ಬೆಳೀತಾ ಇದೆ! ಉದ್ದುದ್ದ ಆಗಿದೆ, ಮೈ ತುಂಬಾ ಉಣ್ಣೆ ಬೇರೆ. ಬೇಸಗೇಲಿ ಸ್ವೆಟರ್ ಹಾಕ್ಕೊಂಡು ಓಡಾಡ್ತಿದೆ. ನೋಡಿದ್ಯಾ?”

ಮೇಷ್ಟ್ರು ಬೇಲಿಯ ಬಳಿ ಹೋದರು. ತೋಳಿನಷ್ಟು ದೂರದಲ್ಲಿ ನಿಂತು, ಕತ್ತು ಹಿಂದಕ್ಕೆ ಎಳೆದು ನೋಡಿದರು. ನಿಜ. ಬಿಳಿ ಬಿಳಿಯಾದ, ಮೊದಲಿಗಿಂತ ದೊಡ್ಡದಾದ, ಜೂಲುಜೂಲಾದ ಜೀವಿಗಳು ಕೊಂಬೆಗಳ ಮೇಲೆಲ್ಲ. ತಿಗಣೆ ಕೊಬ್ಬಿದೆ, ದುಂಬಿ ಸತ್ತಿದೆ, ಪಂಪು ಹೆಗಲಿಗೆ ಬಂದಿದೆ ಎಂದು ಒಂದೇ ಉಸಿರಿಗೆ ತೀರ್ಮಾನವಾಯಿತು. ಬಗ್ಗಿ ನೋಡುವ, ಗುರುತಿಸುವ, ಅಂದಾಜು ಮಾಡುವ ಉಪದೇಶವೆಲ್ಲ ಊರವರಿಗೆ. ಉಪದೇಶ ಮಾಡುವವರಿಗೆ ಅದರಿಂದ ವಿನಾಯಿತಿ ಇರಬೇಕು.

ಬೆಳಕು ಹರಿಯುತ್ತಿದ್ದಂತೆ ಅವರು ಬಕೆಟ್ಟಿನಲ್ಲಿ ಸೋಪಿನ ನೀರು ಕಲಸಿ, ಹಳೆಯ ಹಲ್ಲುಜ್ಜುವ ಬ್ರಷ್ಷು ಹಿಡಿದು ಅಂಗಳಕ್ಕಿಳಿದರು. ಒಂದೊಂದು ಕೊಂಬೆಯನ್ನೂ ಹಿಡಿದು, ಮಗುವಿಗೆ ಎರೆಯುವ ಹಾಗೆ ಉಜ್ಜಿದರು. ಬಿಳಿಯ ಜೀವಿಗಳು ಉದುರಿ ಬಕೆಟ್ಟಿಗೆ ಬಿದ್ದವು. ಹೆಂಡತಿ ಎದ್ದಾಗ ಗಂಡ ಕಾಣದೆ, ಹುಡುಕಿಕೊಂಡು ಕಾಫಿ ಲೋಟದೊಂದಿಗೆ ಕೆಳಗೆ ಬಂದಳು. ಸ್ವಲ್ಪ ಹೊತ್ತು ನೋಡಿದಳು.

“ರೀ, ಇವು ಓಡ್ತಾವಲ್ರೀ. ಹಿಟ್ಟು ತಿಗಣೆ ಕೂತಲ್ಲೇ ಕೂತಿರುತ್ತೆ ಅಂತಿದ್ರಿ?”

“ಸೋಪಿನ ನೀರು ಬಿದ್ರೆ ನೀನೂ ಓಡ್ತೀಯ. ಲೋಟ ಅಲ್ಲಿಡು.”

ಅವಳು ಲೋಟವಿಟ್ಟು ಮೇಲೆ ಹೋದಳು. ಅಂಗಳದ ಮುಂಭಾಗ, ಎರಡು ಪಕ್ಕ, ಎಲ್ಲವೂ ಥಳಥಳಿಸಿದವು. ಹಿಂದಿನ ಗೋಡೆಗೆ ಅಂಟಿಕೊಂಡ ಸಾಲೊಂದು ಉಳಿಯಿತು. ಅಲ್ಲಿ ಕಸದ ಡ್ರಮ್ಮುಗಳು, ಅವುಗಳ ವಾಸನೆ. ಬಾಗಿ ಬಾಗಿ ಮೇಷ್ಟ್ರ ಸೊಂಟ ಹಿಡಿದುಕೊಂಡಿತ್ತು. ಸಭೆಗೆ ಬಂದವರು ಕಸದ ಡ್ರಮ್ಮಿನ ಹಿಂದೆ ಯಾಕೆ ಹೋಗುತ್ತಾರೆ ಎಂದುಕೊಂಡು, ಅಲ್ಲಿಂದ ಒಂದು ಕುಡಿಯನ್ನು ಮಾತ್ರ ಮುರಿದು ಗಾಜಿನ ಭರಣಿಗೆ ಹಾಕಿ, ಮುಲುಗುತ್ತ ಮೆಟ್ಟಿಲು ಹತ್ತಿದರು.

ಅವರ ಉಪಾಯ ಸರಳವಾಗಿತ್ತು. ಶತ್ರುವನ್ನು ಗೋಡೆಯ ಮೇಲೆ ದೊಡ್ಡದಾಗಿ ತೋರಿಸಿ, ಎಂಥ ಭೀಕರ ಶತ್ರು ನೋಡಿ, ಆದರೂ ಬೇಲಿಯ ಬಹುಭಾಗ ಸ್ವಚ್ಛವಾಗಿದೆ ನೋಡಿ, ಎಂದು ಇನ್ನೊಂದು ತಿಂಗಳು ಬೇಡುವುದು.

ಸಂಜೆ ಸಂಘದ ಕೋಣೆ ತುಂಬಿತ್ತು. ಸೈಕಲ್ಲುಗಳನ್ನು ಮೂಲೆಗೆ ತಳ್ಳಿ ಕುರ್ಚಿ ಹಾಕಿದ್ದರು. ಅಣ್ಣ ಬಾಗಿಲ ಬಳಿ, ಗಾಳಿ ಬರುವಲ್ಲಿ ಕೂತಿದ್ದ. ಮೇಷ್ಟ್ರು ಕಚೇರಿಯಿಂದ ತಂದಿದ್ದ ಸಣ್ಣ ಕ್ಯಾಮೆರಾವನ್ನು ಪ್ರೊಜೆಕ್ಟರಿಗೆ ಜೋಡಿಸಿ ಭರಣಿಯ ಕುಡಿಯತ್ತ ತಿರುಗಿಸಿದರು. ಗೋಡೆಯ ಮೇಲೆ ಎಮ್ಮೆ ಗಾತ್ರದ ಬಿಳಿಯ ಜೀವಿಯೊಂದು ಮೂಡಿತು.

“ಅಯ್ಯಯ್ಯೋ, ರಾಕ್ಷಸ!” ಎಂದರು ಅತ್ತಿಗೆ.

“ನೋಡಿ, ಇದೇ ನಮ್ಮ...” ಎಂದು ಮೇಷ್ಟ್ರು ಕೋಲೆತ್ತಿದರು.

ಆ ಜೀವಿ ಸರಸರನೆ ನಡೆಯಿತು. ಕುಡಿಯ ತುದಿಯಲ್ಲಿ ಕೂತಿದ್ದ ಒಂದು ಸಣ್ಣ, ದುಂಡನೆಯ, ನಿಜವಾದ ಹಿಟ್ಟು ತಿಗಣೆಯ ಹತ್ತಿರ ಹೋಯಿತು. ತಲೆ ತಗ್ಗಿಸಿತು. ತಿನ್ನತೊಡಗಿತು.

ಮೇಷ್ಟ್ರ ಕೋಲು ಗಾಳಿಯಲ್ಲೇ ನಿಂತಿತು. ಗೋಡೆಯಷ್ಟು ದೊಡ್ಡದಾದ ಮೇಲೆ ಕನ್ನಡಕವಿಲ್ಲದೆಯೂ ಕಾಣಲೇಬೇಕಲ್ಲ. ಅದು ತಿಗಣೆಯಲ್ಲ. ಅವರೇ ಬಿಟ್ಟ ದುಂಬಿಯ ಮರಿ. ಬೇಟೆಯ ವೇಷವನ್ನೇ ತೊಟ್ಟು ಬೇಟೆಯ ನಡುವೆ ಓಡಾಡುವ ಮರಿ. ಅದರ ಚಿತ್ರವನ್ನು ಅವರು ಪ್ರತಿ ಭಾಷಣದಲ್ಲೂ ತೋರಿಸುತ್ತಿದ್ದರು. ಕೆಳಗೆ ದಪ್ಪಕ್ಷರದಲ್ಲಿ ‘ಮೋಸ ಹೋಗಬೇಡಿ’ ಎಂದು ಬರೆಸಿದವರೂ ಅವರೇ. ಬೆಳಗಿನ ಬಕೆಟ್ಟು ಅವರ ಕಣ್ಣ ಮುಂದೆ ಬಂತು.

“ಇದೇ ನಮ್ಮ ಏನು ಮೇಷ್ಟ್ರೇ?” ಎಂದರು ಟ್ಯಾಕ್ಸಿಯವರು.

ಒಂದು ಗಳಿಗೆ ಮೇಷ್ಟ್ರು ಯೋಚಿಸಿದರು. ಆ ಗಳಿಗೆಯಲ್ಲಿ ಅವರೊಳಗಿನ ಪ್ರಾಮಾಣಿಕ ಮನುಷ್ಯ ಎಲ್ಲಿಗೋ ನೀರು ಕುಡಿಯಲು ಹೋಗಿದ್ದ.

“ನಮ್ಮ ಸೈನಿಕ!” ಎಂದುಬಿಟ್ಟರು. “ದುಂಬಿ ಮೊಟ್ಟೆಯಿಟ್ಟು, ಮರಿಯಾಗಿ, ಶತ್ರುವನ್ನ ತಿಂತಾ ಇದೆ. ನೀವೇ ನೋಡ್ತಿದ್ದೀರಿ.”

ಚಪ್ಪಾಳೆ. ನಿಜವಾದ ಚಪ್ಪಾಳೆ, ಈ ಸಲ ಕಪಾಳಗಳ ಮೇಲಲ್ಲ. ಅಣ್ಣ ಎದ್ದು ನಿಂತು ತಟ್ಟಿದ. ಅತ್ತಿಗೆಯ ಕಣ್ಣಲ್ಲಿ ನೀರಾಡಿತು. ಮೇಷ್ಟ್ರಿಗೂ ಒಂದು ಕ್ಷಣ ತಾವು ಗೆದ್ದೆವೆಂದೇ ಅನ್ನಿಸಿತು.

“ಹಾಗಾದ್ರೆ ಬನ್ನಿ, ಎಲ್ಲರೂ ನೋಡೋಣ,” ಎಂದು ಅತ್ತಿಗೆ ಎದ್ದರು. “ನಿನ್ನೆ ನಾನೇ ನೋಡಿದ್ದೆ, ಬೇಲಿ ತುಂಬಾ ಇದ್ವು. ಶಾಪ ಹಾಕಿಬಿಟ್ಟೆ ಪಾಪ!”

“ಕತ್ತಲಾಗ್ತಾ ಇದೆ ಅತ್ತಿಗೆ, ನಾಳೆ...”

“ಇನ್ನೂ ಬೆಳಕಿದೆ, ಬಾ.”

ಜನವೆಲ್ಲ ಅಂಗಳಕ್ಕೆ ಇಳಿಯಿತು. ಬಗ್ಗಿದರು, ಎಲೆ ಮಗುಚಿದರು, ಮೊಬೈಲಿನ ಬೆಳಕು ಬಿಟ್ಟರು. ಬೇಲಿ ತೊಳೆದ ಪಾತ್ರೆಯ ಹಾಗೆ ಹೊಳೆಯುತ್ತಿತ್ತು. ತಿಗಣೆಯೂ ಇಲ್ಲ, ಸೈನಿಕನೂ ಇಲ್ಲ. ಟ್ಯಾಕ್ಸಿಯವರು ಒಂದು ಎಲೆಯನ್ನು ಮೂಸಿ ನೋಡಿದರು.

“ಮೇಷ್ಟ್ರೇ, ಗಿಡ ಸೋಪಿನ ವಾಸನೆ ಹೊಡೀತಿದೆಯಲ್ಲ?”

ಮೇಷ್ಟ್ರು ಹೆಂಡತಿಯ ಕಡೆ ನೋಡಿದರು. ಅವಳು ಸಹಾಯಕ್ಕೆ ಬರುವ ಲಕ್ಷಣ ಕಾಣಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಅಣ್ಣನ ಕಡೆ ನೋಡಿದರು. ಅವನು ಇನ್ನೂ ಹೆಮ್ಮೆಯಿಂದಲೇ ನೋಡುತ್ತಿದ್ದ. ಅದೊಂದನ್ನು ಮಾತ್ರ ಅವರಿಗೆ ತಡೆದುಕೊಳ್ಳಲಾಗಲಿಲ್ಲ.

“ನಾನೇ ಕೊಂದೆ,” ಎಂದರು. “ಬೆಳಗ್ಗೆ. ಬ್ರಷ್ಷು ಹಾಕಿ ಉಜ್ಜಿ ತೊಳೆದೆ. ತಿಗಣೆ ಅಂದ್ಕೊಂಡಿದ್ದೆ. ಬಗ್ಗಿ ನೋಡ್ಲಿಲ್ಲ. ಈಗ ಗೋಡೆ ಮೇಲೆ ಕಂಡಾಗಲೇ ನಂಗೂ ಗೊತ್ತಾಗಿದ್ದು.”

ಮೊದಲು ನಕ್ಕವನು ಅಣ್ಣ. ನಗು ಕೆಮ್ಮಾಗಿ, ಕೆಮ್ಮು ಉಬ್ಬಸವಾಗಿ, ಅತ್ತಿಗೆ ಓಡಿಬಂದು ಬೆನ್ನು ನೀವುವ ಹಾಗಾಯಿತು. “ಬಿಡೇ, ಏನೂ ಆಗಿಲ್ಲ, ಸ್ವಲ್ಪ ಕೂತ್ಕೋತೀನಿ,” ಎಂದು ಅವನು ಗೋಡೆ ಹಿಡಿದು ಹಿಂದಕ್ಕೆ ನಡೆದ. ಅತ್ತಿಗೆ ಮೈದುನನತ್ತ ತಿರುಗಿದರು. ಎಕ್ಸ್‌ಚೇಂಜಿನ ದನಿ ಹೊರಬಂತು.

“ಬೇಲಿಯೇ ಎದ್ದು ಹೊಲ ಮೇಯ್ದರೆ ಅಂತ ಕೇಳಿದ್ದೆ. ಹೊಲ ಕಾಯೋನು ಬೇಲೀನೇ ಮೇಯ್ದಿದ್ದು ಇವತ್ತೇ ನೋಡಿದ್ದು! ಊರಿಗೆಲ್ಲ ಪಾಠ ಹೇಳ್ತೀಯ, ನಾಚಿಕೆ ಆಗಲ್ವಾ? ಈಗ ಇವರನ್ನ ಮತ್ತೆ ಆ ಸೋಫಾ ಮೇಲೆ...”

ಅವರ ಮಾತು ಅರ್ಧಕ್ಕೇ ನಿಂತಿತು. ಬೈಗುಳಕ್ಕಿಂತ ಆ ಅರ್ಧ ಮಾತೇ ಮೇಷ್ಟ್ರಿಗೆ ಹೆಚ್ಚು ನೋವು ಕೊಟ್ಟಿತು.

“ಲೇ, ಇಲ್ಲಿ ಬನ್ರೋ!” ಕಸದ ಡ್ರಮ್ಮುಗಳ ಹಿಂದಿನಿಂದ ಅಣ್ಣನ ಕೂಗು.

ಎಲ್ಲರೂ ಓಡಿದರು, ಅವನಿಗೇನೋ ಆಯಿತೆಂದೇ. ಅವನು ಒಂದು ಕಲ್ಲಿನ ಮೇಲೆ ಕೂತು ಮುಖದ ಮುಂದಿನ ಕೊಂಬೆಯನ್ನು ಬೆರಳಲ್ಲಿ ಎತ್ತಿ ಹಿಡಿದಿದ್ದ. ಆ ಸಾಲಿನ ತುಂಬ ಉಣ್ಣೆಯಂಗಿಯ ಮರಿಗಳು. ಹಿಟ್ಟು ತಿಗಣೆ ಅಲ್ಲೊಂದು ಇಲ್ಲೊಂದು. ಕೊಂಬೆಗಳ ತುದಿಯಲ್ಲಿ ಹೊಸ ಎಲೆ, ಸುರುಟದ ಎಲೆ.

“ಇಲ್ಲಿ ಯಾಕೋ ತೊಳೀಲಿಲ್ಲ ನೀನು?” ಎಂದ ಅಣ್ಣ.

“ಸೊಂಟ ಹಿಡ್ಕೊಂತು,” ಎಂದರು ಮೇಷ್ಟ್ರು. “ವಾಸನೆ ಬೇರೆ.”

ಈ ಸಲ ಟ್ಯಾಕ್ಸಿಯವರು ಡ್ರಮ್ಮು ತಬ್ಬಿಕೊಂಡು ನಕ್ಕರು. ಅತ್ತಿಗೆಗೂ ತಡೆಯಲಾಗಲಿಲ್ಲ. ವಿದ್ಯೆ, ಅನುಭವ, ಶ್ರದ್ಧೆ ಮೂರೂ ಸೇರಿ ಮುಂದಿನ ಬೇಲಿಯನ್ನು ಹಾಳುಮಾಡಿದ್ದವು. ಹಿಂದಿನದನ್ನು ಉಳಿಸಿದ್ದು ಬರೀ ಸೋಮಾರಿತನ. ಇದನ್ನು ಭಾಷಣದಲ್ಲಿ ಯಾವ ತಲೆಬರಹದಡಿ ಸೇರಿಸುವುದೋ ಮೇಷ್ಟ್ರಿಗೆ ಹೊಳೆಯಲಿಲ್ಲ.

ಅಲ್ಲೇ, ಕಸದ ಡ್ರಮ್ಮುಗಳ ನಡುವೆಯೇ ಸಂಘದ ತೀರ್ಮಾನವಾಯಿತು. ಔಷಧಿ ಪಂಪಿನ ಮಾತು ಕೈಬಿಡುವುದು. ಬೇಲಿಗೆ ಮತ್ತಷ್ಟು ಕಾಲ ಕೊಡುವುದು. ಹಿಂದಿನ ಸಾಲಿನಿಂದ ಮರಿಗಳಿರುವ ಕುಡಿಗಳನ್ನು ಕತ್ತರಿಸಿ, ಬೆಳ್ಳಗಾಗುವ ಕೊಂಬೆಗಳು ಮತ್ತೆ ಎಲ್ಲಿ ಕಂಡರೂ ಅಲ್ಲಿ ಸಿಕ್ಕಿಸುವುದು. ಈ ಕೆಲಸ ಮೇಷ್ಟ್ರ ಹೆಂಡತಿಯದು. ಮೇಷ್ಟ್ರು ಬಾಯಲ್ಲಿ ಹೇಳಬಹುದು, ಕೈಯಲ್ಲಿ ಮುಟ್ಟಕೂಡದು.

“ಬಾಯಲ್ಲೂ ಸ್ವಲ್ಪ ಕಮ್ಮಿ,” ಎಂದು ಅತ್ತಿಗೆ ತಿದ್ದುಪಡಿ ಸೂಚಿಸಿದರು. ಸರ್ವಾನುಮತದಿಂದ ಒಪ್ಪಿಗೆಯಾಯಿತು. ಮೇಷ್ಟ್ರೂ ಕೈಯೆತ್ತಿದರು.

ಮರುದಿನ ಮೇಷ್ಟ್ರು ಯಾರಿಗೂ ಹೇಳದೆ ಬೀರು ತೆರೆದು, ಕಾಲುಚೀಲ ಸರಿಸಿ, ಕನ್ನಡಕ ಹಾಕಿಕೊಂಡರು. ತಿಂಡಿಯ ತಟ್ಟೆ ಮುಂದಿಡುವಾಗ ಹೆಂಡತಿ ಚೌಕಟ್ಟನ್ನು ಒಂದು ಕೂದಲೆಳೆ ನೆಟ್ಟಗೆ ಮಾಡಿದಳು.

ಬೇಲಿ ಒಂದೇ ದಿನದಲ್ಲಿ ಸರಿಹೋಗಲಿಲ್ಲ. ಅವಸರದ ಸೋಪಿನಿಂದ ಬರಿದಾಗಿದ್ದ ಮುಂಭಾಗದಲ್ಲಿ ತಿಗಣೆಯೇ ಮೊದಲು ಮರಳಿತು. ಆಮೇಲೆ ಮರಿಗಳು ಅದರ ಜಾಡು ಹಿಡಿದವು. ಇರುವೆಗಳು ಗ್ರೀಸಿನ ಪಟ್ಟಿಯ ಬಳಿ ಸುತ್ತಿ ಸುತ್ತಿ ಬೇಸತ್ತು ಬೇರೆ ದಾರಿ ನೋಡಿಕೊಂಡವು. ಟ್ಯಾಕ್ಸಿಯ ಗಾಜಿನ ಅಂಟು ತೆಳುವಾಗುತ್ತಾ ಬಂದು, ಒಂದು ಬೆಳಗ್ಗೆ ಟ್ಯಾಕ್ಸಿಯವರು ತಿಕ್ಕುವ ಬಟ್ಟೆ ಹಿಡಿದು ಕೆಲಸವಿಲ್ಲದೆ ನಿಂತದ್ದನ್ನು ಎಲ್ಲರೂ ಕಂಡರು. ಹೂಗಳು ಬಿಡತೊಡಗಿದವು. ಅಣ್ಣ ಎಲ್ಲಿಗೂ ಹೋಗಲಿಲ್ಲ. ಬೆಳಗ್ಗೆ ಸಂಜೆ ಬೇಲಿಯ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ.

ಅತ್ತಿಗೆಗೆ ಒಂದೇ ಅಸಮಾಧಾನ. ಹುಡುಕಿದರೆ ಈಗಲೂ ಅಲ್ಲಲ್ಲಿ ನಾಲ್ಕಾರು ತಿಗಣೆ ಸಿಗುತ್ತಿದ್ದವು.

“ಇವನ್ನೂ ಪೂರ್ತಿ ಮುಗಿಸೋಕಾಗಲ್ವೇನಯ್ಯಾ?”

ಮೇಷ್ಟ್ರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ಬಗ್ಗಿ, ಕನ್ನಡಕ ಸರಿಮಾಡಿಕೊಂಡು, ಬಹಳ ಹೊತ್ತು ನೋಡಿದರು.

“ಪೂರ್ತಿ ಹೋಗಬಾರದು ಅತ್ತಿಗೆ. ಇವು ಒಂದೂ ಇಲ್ದಿದ್ರೆ ದುಂಬಿಗೆ ಊಟವಿಲ್ಲ, ಅದು ಹೊರಟುಹೋಗುತ್ತೆ. ಸ್ವಲ್ಪ ಕಾಟ ಇಟ್ಕೊಂಡೇ ಬಾಳಬೇಕು.”

ಅತ್ತಿಗೆ ಕುರ್ಚಿಯಲ್ಲಿ ಬಾಯಿ ತೆರೆದು ನಿದ್ದೆ ಹೋಗಿದ್ದ ಗಂಡನನ್ನು ನೋಡಿದರು, ಬಗ್ಗಿ ನಿಂತ ಮೈದುನನನ್ನು ನೋಡಿದರು.

“ಅದೇನು ನಂಗೆ ಹೊಸ ಪಾಠ ಅಲ್ಲ ಬಿಡು,” ಎಂದು ಒಳಗೆ ಹೋದರು.